ಹೂಂಗುಟ್ಟುವ ಜಾಗ

ಹೊಸಪೇಟೆಯ ಕಾಲೇಜು ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಗಲ್ಲಿಯಲ್ಲಿ ಚಂದ್ರಕಲಾಳ ಡಿಟಿಪಿ ಅಂಗಡಿ ಇದೆ. ಅದರ ಮಗ್ಗುಲಿಗೆ ನನ್ನ ಬೈಂಡಿಂಗ್ ಅಂಗಡಿ. ನಡುವೆ ಇರುವುದನ್ನು ಗೋಡೆ ಎನ್ನುವುದು ದೊಡ್ಡ ಮಾತು, ಅದೊಂದು ಪ್ಲೈವುಡ್ ಹಲಗೆ. ಆಕೆ ಗಿರಾಕಿಗಳಿಗೆ ಬೈಯುವುದು ನನಗೂ, ನಾನು ಅಂಟಿನ ಡಬ್ಬಿ ಸಿಗದೆ ಗೊಣಗುವುದು ಆಕೆಗೂ ಚೆನ್ನಾಗಿ ಕೇಳಿಸುತ್ತದೆ. ಇಷ್ಟು ವರ್ಷ ಒಬ್ಬರ ಗೊಣಗಾಟವನ್ನು ಇನ್ನೊಬ್ಬರು ಸಹಿಸಿಕೊಂಡ ಮೇಲೆ ಆಕೆಯ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಆಕೆಯ ಕೆಲಸವೆಂದರೆ ಬೇರೆಯವರ ಉದ್ದುದ್ದ ಬರಹಗಳನ್ನು ಪುಟಕ್ಕೆ ಕೂರಿಸುವುದು. ಸಂಶೋಧನೆ ಮಾಡುವವರ ಪ್ರಬಂಧ, ಸಂಡೂರಿನ ಗಣಿ ಕಚೇರಿಗಳಿಂದ ಬರುವ ದಪ್ಪ ವರದಿ, ಯಾರದೋ ಷಷ್ಟಿಪೂರ್ತಿಯ ಅಭಿನಂದನಾ ಗ್ರಂಥ. ಯಾವುದೇ ಇರಲಿ, ಮುನ್ನೂರು ಪುಟಕ್ಕೆ ಕಡಿಮೆಯಿಲ್ಲ. ಬರೆದವರಿಗೆ ಬರೆಯುವಾಗ ದಣಿವಾಗುವುದಿಲ್ಲ, ಓದುವವರು ಹೇಗೂ ಓದುವುದಿಲ್ಲ, ದಣಿಯುವುದೆಲ್ಲ ನಡುವೆ ಇರುವ ನಾವಿಬ್ಬರೇ.

ಆಕೆಯ ಸಿಟ್ಟೆಲ್ಲ ಎಂಟರ್ ಕೀಲಿಯ ಮೇಲೆ. ಜನ ಕಂಪ್ಯೂಟರಿನಲ್ಲಿ ಬರೆಯುವಾಗ ಒಂದು ಪ್ಯಾರಾಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬೇಕಾದರೆ ಎಂಟರ್ ಹೊಡೆಯುತ್ತಾರೆ. ಹೆಡ್ಡಿಂಗ್ ಮುಂದಿನ ಪುಟಕ್ಕೆ ಹೋಗಬೇಕಾದರೆ ಅದು ಹೋಗುವವರೆಗೂ ಹೊಡೆಯುತ್ತಲೇ ಇರುತ್ತಾರೆ. ಆಮೇಲೆ ಮೂರನೇ ಪುಟದಲ್ಲಿ ಎರಡು ಸಾಲು ಸೇರಿಸಿದರೆ ಸಾಕು, ಮುಂದಿನ ಹೆಡ್ಡಿಂಗುಗಳೆಲ್ಲ ಜಾಗ ಬಿಟ್ಟು ಕದಲುತ್ತವೆ. ಒಂದು ಪುಟದ ತಳದಲ್ಲಿ ಒಂಟಿಯಾಗಿ ಕೂತಿರುತ್ತದೆ, ಇನ್ನೊಂದು ಅರ್ಧ ಪುಟ ಖಾಲಿ ಬಿಟ್ಟು ನಡುವಿನಲ್ಲಿ ನೇತಾಡುತ್ತಿರುತ್ತದೆ. ಆಗ ಫೈಲು ಹೊತ್ತುಕೊಂಡು ಚಂದ್ರಕಲಾಳ ಹತ್ತಿರ ಓಡಿ ಬರುತ್ತಾರೆ.

"ಜಾಗ ಅಂಬೋದನ್ನ ಎಂಟರ್ ಹೊಡ್ದು ತುಂಬಬಾರ್ದ್ರಿ ಸರ್," ಎಂದು ಆಕೆ ಶುರು ಮಾಡುತ್ತಾಳೆ. "ಹೆಡ್ಡಿಂಗಿಗೇ ಹೇಳಿಡಬೇಕು, ನಿನ್ನ ಮ್ಯಾಲ ಇಷ್ಟು ಜಾಗ, ಕೆಳಗ ಇಷ್ಟು ಅಂತ. ಮ್ಯಾಲ ಜಾಸ್ತಿ, ಕೆಳಗ ಕಮ್ಮಿ. ಹೆಡ್ಡಿಂಗು ತನ್ನ ಕೆಳಗಿನ ಮಾತಿನ ಜೋಡಿ ಇರಬೇಕಲ್ರಿ, ಮ್ಯಾಲಿನದಕ್ಕ ಅಂಟಿಕೊಂಡ್ರ ಏನ್ ಚಂದ? ಸ್ಟೈಲ್ ಅಂತ ಐತಿ, ಅದರಾಗ ಒಮ್ಮೆ ಬರ್ದಿಟ್ರ ಸಾಕು. ಎಲ್ಲಿಗೆ ಹೋದ್ರೂ ಅದರ ಜಾಗ ಅದರ ಸಂಗಾಟ ಬರ್ತತಿ."

ಗಿರಾಕಿ ತಲೆಯಾಡಿಸುತ್ತಾನೆ. ಮುಂದಿನ ತಿಂಗಳು ಮತ್ತೆ ಅದೇ ತರಹದ ಫೈಲು ತರುತ್ತಾನೆ. ಆಕೆಯೂ ಹೇಳಿ ಹೇಳಿ ಸೋತಿದ್ದಾಳೆ. ಈಗ ಯಾವ ಫೈಲು ಬಂದರೂ ಮೊದಲು ಕಸ ಗುಡಿಸುವುದು ಎಂದು ಒಂದು ಕೆಲಸ ಮಾಡುತ್ತಾಳೆ. ಸಾಲಾಗಿ ಬಿದ್ದಿರುವ ಎಂಟರುಗಳನ್ನೆಲ್ಲ ಹುಡುಕಿ ಒಂದಕ್ಕೆ ಇಳಿಸು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಡುತ್ತಾಳೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಾನೂರು ಪುಟ ಇನ್ನೂರ ಎಂಬತ್ತಾಗುತ್ತದೆ. ಆ ಕೆಲಸಕ್ಕೆ ಆಕೆಗೆ ಪರದೆ ನೋಡುವ ಅಗತ್ಯವೂ ಇಲ್ಲ. ನನ್ನ ಜೊತೆ ಹಲಗೆಯಾಚೆಯಿಂದ ಮಾತಾಡುತ್ತಲೇ ಮಾಡಿ ಮುಗಿಸುತ್ತಾಳೆ.

ಆಕೆಯ ತಾಯಿ ಜಂಬವ್ವ ತೀರಿಕೊಂಡ ಮೇಲೆ ತಂದೆ ಗಾಳೆಪ್ಪನನ್ನು ಕಂಪ್ಲಿ ಹತ್ತಿರದ ಹಳ್ಳಿಯಿಂದ ಚಿತ್ತವಾಡ್ಗಿಯ ತನ್ನ ಮನೆಗೆ ಕರೆತಂದಳು. ಗಂಡನಿಗೆ ಗಾದಿಗನೂರಿನ ಕಡೆ ಪಾಳಿಯ ಕೆಲಸ. ಹಗಲು ಮನೆಯಲ್ಲಿ ಗೋಡೆ ನೋಡುತ್ತ ಕೂರುವುದು ಮುದುಕನಿಗೆ ಆಗಿಬರಲಿಲ್ಲ. ಹೀಗಾಗಿ ಮಗಳ ಜೊತೆ ಆಟೋ ಹತ್ತಿ ಅಂಗಡಿಗೆ ಬರತೊಡಗಿದ. ಎರಡೂ ಅಂಗಡಿಗಳಿಗೆ ಸೇರಿದಂತೆ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಟ್ಟೆವು. ನಾನು ರಟ್ಟಿಗೆ ಅಂಟು ಬಳಿಯುವುದನ್ನು ಒಂದು ವಾರ ನೋಡಿದ ಮೇಲೆ, "ಮನಿ ಸಾರಿಸೋ ಕೆಲ್ಸ ಆತು ನಿಮ್ದು" ಎಂದ. ಹೆಣ್ಣಾಳಿನ ಕೆಲಸ ಎಂಬುದು ಅದರ ಅರ್ಥ. ಆಮೇಲೆ ನಮಗೆ ದೋಸ್ತಿಯಾಯಿತು.

ಗಾಳೆಪ್ಪ ಮತ್ತು ಜಂಬವ್ವ ಬದುಕಿಡೀ ಕಂಪ್ಲಿಯ ಸುತ್ತಿನ ಗದ್ದೆಗಳಲ್ಲಿ ಕೂಲಿ ಮಾಡಿದವರು. ಗಾಳೆಪ್ಪನ ಹತ್ತಿರ ಕಥೆಗಳಿದ್ದವು. ಕಳೆದುಹೋದ ಎತ್ತನ್ನು ಹುಡುಕಿಕೊಂಡು ಹೊರಟವನ ಕಥೆ, ಮದುವೆಯಾಗಲು ಒಲ್ಲದ ಮೀನುಗಾರನ ಮಗಳ ಕಥೆ, ಇನ್ನೂ ಎಷ್ಟೋ. ಕೆಲವು ಒಂದು ಸಂಜೆಗೆ ಮುಗಿಯುವಂಥವಲ್ಲ. ಕಥೆ ಹೇಳುವವನ ಎದುರಿಗೆ ಹೂಂಗುಟ್ಟುವವರು ಒಬ್ಬರು ಇರಲೇಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಷ್ಟು ಜನ ಕೂತಿದ್ದರೂ ಹೂಂ ಎನ್ನುವವರು ಒಬ್ಬರೇ. ಅವರು ಅನ್ನದಿದ್ದರೆ ಹೇಳುವವನು ಮುಂದಿನ ಮಾತಿಗೆ ಹೋಗುವಂತಿಲ್ಲ. ಗಾಳೆಪ್ಪನಿಗೆ ಮದುವೆಯಾದಂದಿನಿಂದ ಹೂಂಗುಟ್ಟಿದವಳು ಜಂಬವ್ವ.

ಕಂಪ್ಲಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದ ಜಡೆಪ್ಪನವರು ಹತ್ತು ವರ್ಷದ ಹಿಂದೆ ಈ ಕಥೆಗಳನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಗಂಡ ಹೆಂಡತಿ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದ ಹೊತ್ತಿಗೆ ಮೇಷ್ಟ್ರು ಬಸ್ಸು ಹಿಡಿದು ಹೋಗಿ ಕೂರುತ್ತಿದ್ದರಂತೆ. ಪುಸ್ತಕ ಮಾಡುತ್ತೇನೆ ಎನ್ನುತ್ತಲೇ ಕಾಲ ಕಳೆಯಿತು. ಜಂಬವ್ವ ಹೋದ ಸುದ್ದಿ ಕೇಳಿದ ಮೇಲೆ ಅವರಿಗೆ ಅವಸರವಾಯಿತು. ರೆಕಾರ್ಡನ್ನು ಪೆನ್‌ಡ್ರೈವಿನಲ್ಲಿ ತಂದು ಚಂದ್ರಕಲಾಳ ಮುಂದಿಟ್ಟರು.

"ಕೇಳ್ಕೊಂತ ಟೈಪ್ ಮಾಡವ್ವ. ನಿಮ್ಮಪ್ಪನ ಮಾತು ಹೆಂಗೈತೋ ಹಂಗ ಬರಲಿ. ನಿಮ್ಮವ್ವನ ಹೂಂ ಮಾತ್ರ ಬರೀಬ್ಯಾಡ. ಸಾಲಿಗೊಂದು ಹೂಂ ಬಂದ್ರ ಓದೋರಿಗೆ ಕಿರಿಕಿರಿ ಆಗ್ತತಿ."

ಅವರ ಮಾತು ತಪ್ಪೇನಲ್ಲ. ಚಂದ್ರಕಲಾ ಒಪ್ಪಿಕೊಂಡಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೇರೆ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಟೈಪು ಮಾಡತೊಡಗಿದಳು. ಕೀಲಿಮಣೆಯ ಸದ್ದು ನನಗೆ ಕೇಳುತ್ತಿತ್ತು. ಮಾತು ಓಡುವಾಗ ಪಟಪಟ, ಆಮೇಲೆ ಎಂಟರ್ ಕೀಲಿಯ ದಪ್ಪ ಸದ್ದು. ಒಮ್ಮೊಮ್ಮೆ ಒಂದು, ಒಮ್ಮೊಮ್ಮೆ ಎರಡು ಮೂರು. ಎದ್ದು ಹೋಗಿ ಪರದೆ ನೋಡಿದೆ. ಪ್ಯಾರಾಗಳ ನಡುವೆ ಹೇಗೆಂದರೆ ಹಾಗೆ ಖಾಲಿ ಜಾಗ.

"ಊರಿಗೆಲ್ಲ ಬೈಯಾಕಿ ನೀನ ಎಂಟರ್ ಹೊಡೀಲಾಕ ಹತ್ತೀಯಲ್ಲ ತಂಗಿ," ಎಂದು ಕಾಡಿಸಿದೆ.

ಆಕೆ ಇಯರ್‌ಫೋನ್ ತೆಗೆದಳು. "ಅವ್ವನ ಹೂಂ ಬಂದ ಕಡೆ ಕೈ ತಾನ ಹೋಗಿ ಹೊಡೀತತ್ರಿ ಅಣ್ಣಾರ. ಬರೀಬ್ಯಾಡ ಅಂದಾರ, ಜಾಗ ಬಿಡಬ್ಯಾಡ ಅಂದಿಲ್ಲಲ್ಲ. ಸಣ್ಣ ಹೂಂ ಆದ್ರ ಒಂದು, ಎಳೆದು ಅಂದ್ರ ಎರಡು. ಅಪ್ಪ ಕಥ್ಯಾಗ ಯಾರನ್ನರ ಸಾಯಿಸಿದಾಗ ಭಾಳೊತ್ತು ಸುಮ್ಮನಿದ್ದು ಅಂತಾಳ, ಅದಕ್ಕ ಮೂರು. ಈ ಒಂದಕ್ಕ ಬಿಟ್ಬಿಡ್ರಿ. ಆಮ್ಯಾಲ ಸ್ಟೈಲ್ ಹಾಕಿ ಸರಿ ಮಾಡ್ತೀನಿ."

ನಾನು ನನ್ನ ಅಂಟಿನ ಡಬ್ಬಿಗೆ ಮರಳಿದೆ.

ಮೊದಲ ಕಥೆ ಮುಗಿದಾಗ ಪ್ರಿಂಟು ತೆಗೆದು ಅಪ್ಪನ ಕೈಗೆ ಕೊಟ್ಟಳು. ಗಾಳೆಪ್ಪನಿಗೆ ಓದು ಬರಹವಿಲ್ಲ. ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದ. ಮಗಳು ಜಾಗದ ವಿಷಯ ಹೇಳಿದಳು. ಆಮೇಲೆ ಆತ ಅಕ್ಷರಗಳ ಗೊಡವೆಗೇ ಹೋಗಲಿಲ್ಲ. ಖಾಲಿ ಜಾಗ ಬಂದಲ್ಲೆಲ್ಲ ಬೆರಳಿಟ್ಟು, "ಇಲ್ಲಿ ಅದಾಳ. ಇಲ್ಲೂ ಅದಾಳ. ಇಲ್ಲಿ ನನ್ನ ಮಾತು ನಂಬವಲ್ಲಳು, ನೋಡು" ಎನ್ನುತ್ತ ಕೊನೆಯ ಹಾಳೆಯವರೆಗೂ ಹೋದ. ಎಪ್ಪತ್ತು ದಾಟಿದ ಮೇಲೆ ಆತ ಮೊದಲ ಸಲ ಏನನ್ನಾದರೂ ಓದಿದ್ದು ಅದೇ ಇರಬೇಕು.

ಉಳಿದ ಕಥೆಗಳೂ ಮುಗಿದವು. ಅಷ್ಟರಲ್ಲಿ ಪ್ರಬಂಧ ಒಪ್ಪಿಸುವವರ ಸುಗ್ಗಿ ಬಂತು. ಆ ದಿನಗಳಲ್ಲಿ ಚಂದ್ರಕಲಾಳ ಅಂಗಡಿಯಲ್ಲಿ ಕೂರಲು ಜಾಗವಿರುವುದಿಲ್ಲ. ಎಲ್ಲರದೂ ನಾಳೆಯೇ ಕೊನೆಯ ದಿನ. ಆಕೆಯ ಬಲ ಮಣಿಕಟ್ಟು ಊದಿತ್ತು, ಒಂದು ಹಳೆಯ ಕರ್ಚೀಫು ಬಿಗಿದುಕೊಂಡು ಕೂತಿದ್ದಳು. ಅದೇ ಹೊತ್ತಿಗೆ ಜಡೆಪ್ಪ ಮೇಷ್ಟ್ರ ಫೋನು: ಬಳ್ಳಾರಿಯ ಪ್ರೆಸ್ಸಿನವರು ದಿನ ಕೊಟ್ಟಿದ್ದಾರೆ, ಕಥೆಗಳನ್ನೆಲ್ಲ ಒಂದೇ ಫೈಲು ಮಾಡಿ ಕಳಿಸು. ಆಕೆ ಫೈಲು ತೆರೆದಳು. ಎದುರಿಗೆ ನಿಂತ ಗಿರಾಕಿಗೆ ಉತ್ತರ ಕೊಡುತ್ತ, ದಿನಕ್ಕೆ ಹತ್ತು ಸಲ ಮಾಡುವ ಕೆಲಸವನ್ನು ಮಾಡಿದಳು. ಕಸ ಗುಡಿಸಿದಳು. ಹೆಡ್ಡಿಂಗುಗಳಿಗೆ ಮೇಲೆ ಕೆಳಗೆ ಜಾಗ ಕೊಟ್ಟಳು, ಪ್ಯಾರಾಗಳಿಗೆಲ್ಲ ಒಂದೇ ಅಳತೆ ಇಟ್ಟಳು. ಹಳೆಯ ಪ್ರತಿ ಒಂದೂ ಉಳಿಯದಂತೆ ಅವುಗಳ ಮೇಲೆಯೇ ಸೇವ್ ಮಾಡಿ ಮೇಷ್ಟ್ರಿಗೆ ಕಳಿಸಿದಳು.

ಮೇಷ್ಟ್ರು ಫೋನು ಮಾಡಿ ಮೆಚ್ಚಿಕೊಂಡರು. "ಭಾಳ ಚೊಕ್ಕ ಆಗ್ಯಾವವ್ವ ಪುಟ. ಪುಸ್ತಕದ ದಪ್ಪಾನೂ ಕಮ್ಮಿ ಆತು" ಎಂದರು. ಆಗಲೂ ಆಕೆಗೆ ಹೊಳೆಯಲಿಲ್ಲ. ಪ್ರಿಂಟು ತೆಗೆದು ಅಪ್ಪನಿಗೆ ಕೊಟ್ಟು ತನ್ನ ಕೆಲಸಕ್ಕೆ ತಿರುಗಿದಳು.

ಗಾಳೆಪ್ಪ ಒಂದೊಂದೇ ಹಾಳೆ ತಿರುವಿ ನೋಡಿದ. ಮೊದಲಿನಿಂದ ಮತ್ತೊಮ್ಮೆ ನೋಡಿದ. ಆಮೇಲೆ ಬಾಗಿಲಿಂದಲೇ ಕೇಳಿದ.

"ಯವ್ವಾ, ಇದರಾಗ ನಿಮ್ಮವ್ವ ಎಲ್ಲಿ?"

ಚಂದ್ರಕಲಾ ಹಾಳೆ ಇಸಿದುಕೊಂಡು ನೋಡಿದಳು. ಗಿರಾಕಿಗಳು ಕಾಯುತ್ತಲೇ ಇದ್ದರು. ಆಕೆ ಎದ್ದು ಹೊರಗೆ ಬಂದು ನನ್ನ ಅಂಗಡಿಯ ರಟ್ಟಿನ ಕಟ್ಟುಗಳ ಮೇಲೆ ಕೂತು ಅತ್ತಳು. ಸಾವಿನ ಮನೆಯಲ್ಲೂ ಆಕೆ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಗ ಅಡುಗೆ, ನೆಂಟರು, ಅಪ್ಪ ಎಂದು ಓಡಾಡುತ್ತಿದ್ದಳು.

"ನಾನ ಗುಡಿಸಿಬಿಟ್ನೆಲ್ರಿ ಅಣ್ಣಾರ," ಎಂದಳು. "ಕಸ ಅಂತ."

ಗಿರಾಕಿಗಳನ್ನು ನಾನೇ ಬೈದು ಕಳಿಸಿದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಮೊದಲ ಕಥೆಯ ಹಳೆಯ ಪ್ರಿಂಟು ಗಾಳೆಪ್ಪನ ಬಳಿ ಇತ್ತು. ಅದನ್ನು ನೋಡಿಕೊಂಡು ಆ ಒಂದು ಕಥೆಗೆ ಜಾಗ ಹಾಕಬಹುದು. ಉಳಿದವಕ್ಕೆ ರೆಕಾರ್ಡನ್ನು ಮೊದಲಿನಿಂದ ಕೇಳಬೇಕು. ಮೇಷ್ಟ್ರಿಗೆ ಒಂದು ವಾರ ತಡೆಯಿರಿ ಎಂದು ಫೋನು ಮಾಡಿದಳು. ಅವರು ಒಂದು ವಾರಕ್ಕಿಂತ ಹೆಚ್ಚು ಆಗದು, ಪ್ರೆಸ್ಸಿನವರು ಬಿಟ್ಟರೆ ಮತ್ತೆ ದೀಪಾವಳಿಯಾಚೆಗೇ ಹಿಡಿಯುವುದು ಎಂದರು. ಜಾಗದ ಮಾತು ಎತ್ತಿದಾಗ, "ನೋಡೋಣು" ಎಂದಷ್ಟೇ ಅಂದರು.

ಮರುದಿನ ಮಧ್ಯಾಹ್ನ ಆಕೆ ಇಯರ್‌ಫೋನ್ ಹಾಕಿಕೊಂಡಳು. ಐದು ನಿಮಿಷಕ್ಕೆ ತೆಗೆದಿಟ್ಟಳು. ಮುಖ ತೊಳೆದುಕೊಂಡು ಬಂದು ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು.

"ಆಗವಲ್ದು," ಎಂದಳು. "ಹ್ವಾದ ಸಲ ಹೆಂಗೋ ಆತು. ಆಗ ಅವ್ವ ಹೋಗಿ ಭಾಳ ದಿನ ಆಗಿದ್ದಿಲ್ಲ, ಇನ್ನೂ ಮನ್ಯಾಗ ಅದಾಳ ಅನ್ನಸ್ತಿತ್ತು. ಈಗ ಆ ದನಿ ಕೇಳಿದ್ರ ಎದಿ ಹಿಂಡಿದಂಗ ಆಗ್ತತಿ. ಇಷ್ಟು ದಿನ ಕಳದ ಮ್ಯಾಲ ಮತ್ತ ಮೊದಲಿಂದ ಶುರು ಮಾಡು ಅಂದ್ರ ನನ್ನ ಕೈಲಿ ಆಗಂಗಿಲ್ಲ."

ಸ್ಟೂಲಿನ ಮೇಲಿದ್ದ ಗಾಳೆಪ್ಪ ಕೇಳಿಸಿಕೊಂಡ. ಎದ್ದು ಒಳಗೆ ಹೋಗಿ ಮಗಳ ಪಕ್ಕದ ಕುರ್ಚಿಯಲ್ಲಿ ಕೂತ. ಆ ಕುರ್ಚಿಯಲ್ಲಿ ಆತ ಕೂತದ್ದು ಅದೇ ಮೊದಲು.

"ಅದನ್ನ ಕೇಳಬ್ಯಾಡ ಬಿಡು. ನೀ ಓದು, ನಾ ಹೂಂ ಅಂತೀನಿ. ಆಕಿ ಎಲ್ಲಿ ಅಂತಿದ್ಲು, ಹೆಂಗ ಅಂತಿದ್ಲು, ನನಗ ಗೊತ್ತಿಲ್ಲೇನು? ಅಷ್ಟು ವರ್ಷ ಅದಕ್ಕ ಕಾಯ್ಕೊಂಡು ಕುಂತಾವ ನಾನ ಅಲ್ಲೇನು?"

ಹೀಗೆ ಶುರುವಾಯಿತು. ಮಧ್ಯಾಹ್ನ ಗಲ್ಲಿಯಲ್ಲಿ ಜನವಿಲ್ಲದ ಹೊತ್ತು ಆಕೆ ಪರದೆ ನೋಡಿಕೊಂಡು ಅಪ್ಪನ ಕಥೆಯನ್ನು ಅಪ್ಪನಿಗೇ ಓದಿ ಹೇಳುವಳು. ಆತ ಕಣ್ಣು ಮುಚ್ಚಿಕೊಂಡು ಹೆಂಡತಿಯ ಹಾಗೆ ಹೂಂಗುಟ್ಟುವನು. ಚುಟುಕಾಗಿ ಒಂದು, ರಾಗ ಎಳೆದು ಒಂದು, ತಡೆದು ತಡೆದು ಒಂದು. ಈ ಸಲ ಆಕೆ ಎಂಟರ್ ಮುಟ್ಟಲಿಲ್ಲ. ಮೂರು ಸ್ಟೈಲು ಮಾಡಿಕೊಂಡಳು, ಒಂದೊಂದಕ್ಕೆ ಕೆಳಗೆ ಬಿಡುವ ಜಾಗ ಒಂದೊಂದು ಅಳತೆ. ಹೆಸರು ಅವ್ವ ಒಂದು, ಅವ್ವ ಎರಡು, ಅವ್ವ ಮೂರು. ಇನ್ನು ಯಾರು ಎಷ್ಟೇ ಗುಡಿಸಿದರೂ ಆ ಜಾಗ ಹೋಗುವಂತಿರಲಿಲ್ಲ. ನಾನು ಹಲಗೆಯ ಈಚೆ ಅಂಟು ಒಣಗಲು ಬಿಟ್ಟು ಸುಮ್ಮನೆ ಕೂತು ಕೇಳುತ್ತಿದ್ದೆ. ಇಬ್ಬರೂ ದಣಿದಿದ್ದರು. ಓದಿ ಓದಿ ಆಕೆಯ ದನಿ ಒಡೆಯುತ್ತಿತ್ತು, ಆತನಿಗೆ ಹೂಂ ಎನ್ನುವುದರ ನಡುವೆ ಕೆಮ್ಮು. ಆದರೂ ಬಿಡಲಿಲ್ಲ.

ಎತ್ತು ಹುಡುಕುವವನ ಕಥೆಯ ಕೊನೆಯ ಭಾಗ ಬಂತು. ಆತ ಹೊಳೆ ದಾಟಿ, ಗುಡ್ಡ ಹತ್ತಿ, ಒಂದು ಮರದ ಕೆಳಗೆ ಕೂರುತ್ತಾನೆ. ಚಂದ್ರಕಲಾ ಅಷ್ಟನ್ನು ಓದಿ ನಿಲ್ಲಿಸಿದಳು. ಹೂಂ ಬರಲಿಲ್ಲ. ಕಾಯ್ದಳು. ಮುದುಕನಿಗೆ ನಿದ್ದೆ ಬಂದಿರಬೇಕು ಎಂದುಕೊಂಡೆ. ಆಕೆಗೂ ಹಾಗೇ ಅನ್ನಿಸಿತು.

"ಯಪ್ಪಾ, ನಿದ್ದಿ ಬಂತೇನು?"

"ನನಗಲ್ಲ," ಎಂದ ಗಾಳೆಪ್ಪ. ದನಿಯಲ್ಲಿ ನಿದ್ದೆಯಿರಲಿಲ್ಲ. "ಇಲ್ಲಿ ಆಕಿಗೆ ನಿದ್ದಿ ಹತ್ತಿತ್ತು. ಆವತ್ತು ಪೂರಾ ದಿನ ನಾಟಿ ಹಚ್ಚಿ ಬಂದಿದ್ಲು. ಕುಂತಲ್ಲೇ ಗ್ವಾಡಿಗೆ ತಲಿ ಆನಿಸಿದ್ಲು. ನಾ ಎಬ್ಬಸಲಿಲ್ಲ. ಸುಮ್ಮನ ಕುಂತೆ. ಆಮ್ಯಾಲ ತಾನ ಎದ್ದು ಹೂಂ ಅಂದ್ಲು. ಅಲ್ಲಿಂದ ಮುಂದ ಹೇಳಿದೆ."

ಚಂದ್ರಕಲಾ ಮೆಲ್ಲಗೆ ಹೇಳಿದಳು, "ಅಲ್ಲಿ ಏನೂ ಕೇಳ್ತಿದ್ದಿಲ್ಲ ಯಪ್ಪಾ. ರೆಕಾರ್ಡು ಕೆಟ್ಟೈತಿ ಅಂತ ಮುಂದಕ್ಕ ಓಡಿಸಿಬಿಟ್ಟಿದ್ದೆ."

ಆ ಜಾಗಕ್ಕೆ ಆಕೆ ಅರ್ಧ ಪುಟ ಬಿಟ್ಟಳು.

ವಾರದ ಕೊನೆಗೆ ಜಡೆಪ್ಪ ಮೇಷ್ಟ್ರು ಕಂಪ್ಲಿ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಬಳ್ಳಾರಿಗೆ ಫೈಲು ಒಯ್ಯುವ ಮೊದಲು ಪ್ರಿಂಟು ನೋಡುತ್ತೇನೆ ಎಂದು ಕೂತರು. ಕಟ್ಟು ಮತ್ತೆ ದಪ್ಪಗಾಗಿತ್ತು. ಹಾಳೆ ತಿರುವುತ್ತ ಅವರ ಹುಬ್ಬು ಗಂಟಿಕ್ಕಿದ್ದು ಕಂಡಿತು. ಪುಸ್ತಕ ಹಾಳಾಗುವುದು ಅವರಿಗೂ ಬೇಡವಾಗಿತ್ತು, ಅವರೂ ಅದಕ್ಕಾಗಿ ಓಡಾಡಿ ಸೋತವರೇ.

"ಚಂದ್ರಕಲಾ, ಹ್ವಾದ ಸಲ ಎಷ್ಟು ಚೊಕ್ಕ ಇತ್ತು. ಈ ಸಣ್ಣ ಪುಟ್ಟ ಜಾಗ ಇರಲಿ ಅಂದ್ರ ಇರಲಿ. ಇದೇನಿದು ಅರ್ಧ ಪುಟಾನ ಖಾಲಿ? ನೋಡಿದೋರು ಪ್ರೆಸ್ಸಿನೋರ ತಪ್ಪು ಅಂತಾರ. ಇದನ್ನ ತೆಗೆದ್ಬಿಡು."

ಚಂದ್ರಕಲಾ ಅಪ್ಪನ ಮುಖ ನೋಡಿದಳು. ಗಾಳೆಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲಿದ್ದ. ಇಷ್ಟು ದಿನದ ಓದು, ಕೆಮ್ಮು, ಆಕೆಯ ಊದಿದ ಕೈ, ಎಲ್ಲ ಇವರೊಬ್ಬರ ಮಾತಿನಲ್ಲಿ ಹೋಗುತ್ತದಲ್ಲ ಎಂದು ನನಗೆ ಸಿಟ್ಟು ಬಂತು. ಏನಾದರೂ ಅಂದೇಬಿಡಬೇಕು ಎನ್ನುವಷ್ಟರಲ್ಲಿ ಮುದುಕನೇ ಮಾತಾಡಿದ.

"ಮೇಷ್ಟ್ರ, ಆವತ್ತು ನೀವೂ ಅಲ್ಲೇ ಇದ್ರೆಲ್ಲ. ಕಂಬಕ್ಕ ಒರಗಿ ಕುಂತಿದ್ರಿ."

ಜಡೆಪ್ಪನವರು ಹಾಳೆಯ ಮೇಲಿನ ಸಾಲುಗಳನ್ನು ಓದಿದರು. ಹೊಳೆ, ಗುಡ್ಡ, ಮರ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾ ನಿಮಗ ಕೈಸನ್ನಿ ಮಾಡಿದ್ದೆ, ಮುಂದ ಹೇಳ್ರಿ ಅಂತ," ಎಂದರು. "ನನಗ ಕಡೀ ಬಸ್ಸಿನ ಚಿಂತಿ. ನೀವು ಕೈ ಎತ್ತಿ ಸುಮ್ಮನಿರ್ರಿ ಅಂದ್ರಿ. ಜಂಬಕ್ಕನ ಕಡೆ ನಾ ತಿರುಗಿ ಸೈತ ನೋಡಲಿಲ್ಲ. ನೀವು ಕಥಿ ಮರ್ತೀರಿ ಅಂದ್ಕೊಂಡಿದ್ದೆ."

ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಚಂದ್ರಕಲಾಳ ಕೈಗೆ ಕೊಟ್ಟರು.

"ಆವತ್ತು ಅರ್ಧ ಪುಟದಷ್ಟಲ್ಲ ತಂಗಿ ಅದು. ಭಾಳೊತ್ತು ಆಗಿತ್ತು. ಒಂದು ಪುಟ ಪೂರ್ತಿ ಬಿಡು."

ಆಕೆ ಕಂಪ್ಯೂಟರಿಗೆ ತಿರುಗಿ ಆ ಪ್ಯಾರಾದ ಕೆಳಗಿನ ಅಳತೆ ಬದಲಿಸಿದಳು. ಪರದೆಯ ಮೇಲೆ ಒಂದು ಇಡೀ ಪುಟ ಬೆಳ್ಳಗೆ ಬಂತು. ಗಾಳೆಪ್ಪ ಎದ್ದು ಬಂದು ಕುರ್ಚಿಯ ಹಿಂದೆ ನಿಂತು ನೋಡಿದ. ಮೇಷ್ಟ್ರು ಬಸ್ಸಿಗೆ ಹೊತ್ತಾಯಿತು ಎನ್ನಲಿಲ್ಲ. ಚಂದ್ರಕಲಾ ಕೀಲಿಮಣೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಮ್ಮವ್ವ ಇಷ್ಟೊತ್ತು ಮಲಗಿದ್ದು ನಾ ಯಾವತ್ತೂ ಕಂಡಿದ್ದಿಲ್ಲ ನೋಡ್ರಿ," ಎಂದಳು.

ಹೊರಗೆ ಗಿರಾಕಿಯೊಬ್ಬ ಫೈಲು ಹಿಡಿದು ಬಂದು ನಿಂತ. ನಾನು ಎದ್ದು ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬರ್ರಿ ಎಂದು ಮೆಲ್ಲನೆ ಹೇಳಿ ಕಳಿಸಿದೆ.